ಸುದ್ದಿ, ದಾಸ್ತಾನು, ಆಯ್ಕೆ: ಪೂರೈಕೆ ಸರಪಳಿಯ ನಮ್ಯತೆ ಮತ್ತು ಮಾಹಿತಿ ತಂತ್ರಜ್ಞಾನ



ಕಚ್ಚಾ ಸಾಮಗ್ರಿಯು ಹೊಲದಿಂದಲೋ ಗಣಿಯಿಂದಲೋ ಹೊರಟು, ಹಲವು ಕೈಗಳಲ್ಲಿ ರೂಪ ಬದಲಿಸಿ, ಕಾರ್ಖಾನೆ, ಗೋದಾಮು, ಲಾರಿ, ಸಗಟು ಮಳಿಗೆ, ಚಿಲ್ಲರೆ ಅಂಗಡಿಗಳನ್ನು ದಾಟಿ ಬಳಕೆದಾರನ ಕೈ ಸೇರುವವರೆಗಿನ ಇಡೀ ಏರ್ಪಾಡಿಗೆ ಪೂರೈಕೆ ಸರಪಳಿ ಎಂದು ಹೆಸರು. ಇದರಲ್ಲಿ ಸರಕು ಒಂದು ದಿಕ್ಕಿಗೆ ಹರಿದರೆ ಹಣ ಅದರ ಎದುರು ದಿಕ್ಕಿಗೆ ಹರಿಯುತ್ತದೆ. ಮಾಹಿತಿಯಾದರೋ ಎರಡೂ ದಿಕ್ಕಿಗೆ ಹರಿಯಬೇಕು. ಬೇಡಿಕೆ ಏರಿದಾಗ, ಇಳಿದಾಗ, ಸರಬರಾಜುದಾರನ ಕಾರ್ಖಾನೆಗೆ ಬೆಂಕಿ ಬಿದ್ದಾಗ, ಹೆದ್ದಾರಿ ಮುಚ್ಚಿದಾಗ, ಈ ಏರ್ಪಾಡು ಮುರಿಯದೆ ಎಷ್ಟು ಬಾಗಬಲ್ಲದು ಎಂಬುದೇ ಅದರ ನಮ್ಯತೆ. ಉತ್ಪಾದನಾ ನಿರ್ವಹಣೆಯ ವಿದ್ವಾಂಸರು, ಮುಖ್ಯವಾಗಿ ಬ್ರಿಟನ್ನಿನ ನೈಜೆಲ್ ಸ್ಲ್ಯಾಕ್, 1980ರ ದಶಕದಲ್ಲೇ ನಮ್ಯತೆಯನ್ನು ಅಳೆಯುವ ಬಗೆಯನ್ನು ಸ್ಪಷ್ಟಪಡಿಸಿದ್ದರು: ಒಂದು ವ್ಯವಸ್ಥೆ ಎಷ್ಟು ಬಗೆಯ ಸ್ಥಿತಿಗಳಿಗೆ ಹೊರಳಬಲ್ಲದು ಎಂಬ ವ್ಯಾಪ್ತಿ, ಹಾಗೆ ಹೊರಳಲು ಹಿಡಿಯುವ ಕಾಲ, ಹೊರಳುವುದಕ್ಕೆ ತಗಲುವ ವೆಚ್ಚ. ಈ ಮೂರನ್ನೂ ಬೇರ್ಪಡಿಸಿ ನೋಡದೆ ‘ಕಂಪ್ಯೂಟರು ಬಂದದ್ದರಿಂದ ಸರಪಳಿ ಚುರುಕಾಯಿತು’ ಎಂದು ಒಟ್ಟಾರೆಯಾಗಿ ಹೇಳುವ ಮಾತಿನಿಂದ ಹೆಚ್ಚೇನೂ ತಿಳಿದುಬರುವುದಿಲ್ಲ.

ಈ ಉಪನ್ಯಾಸ ಮಂಡಿಸುವ ವಾದವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಾಹಿತಿ ತಂತ್ರಜ್ಞಾನವು ಮೇಲೆ ಹೇಳಿದ ಮೂರರಲ್ಲಿ ಕಾಲವನ್ನು ನೇರವಾಗಿ ತಗ್ಗಿಸುತ್ತದೆ, ವೆಚ್ಚವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಆದರೆ ವ್ಯಾಪ್ತಿಯನ್ನು ತಾನಾಗಿ ಹೆಚ್ಚಿಸುವುದಿಲ್ಲ. ಬದಲಿ ಸರಬರಾಜುದಾರ, ಶೀತಲ ಟ್ಯಾಂಕು, ಬೇರೆ ಕೆಲಸಕ್ಕೆ ಹೊಂದಿಕೊಳ್ಳಬಲ್ಲ ಯಂತ್ರ, ನಿರ್ಧಾರ ಕೈಗೊಳ್ಳುವ ಅಧಿಕಾರವುಳ್ಳ ನೌಕರ ಇವೆಲ್ಲ ಮುಂಚಿತವಾಗಿ ಸಿದ್ಧವಾಗಿರಬೇಕಾದ ಆಯ್ಕೆಗಳು. ಸುದ್ದಿ ದಾಸ್ತಾನಿನ ಜಾಗವನ್ನು ಒಂದು ಮಟ್ಟದವರೆಗೆ ತುಂಬಬಲ್ಲದು. ಆಯ್ಕೆಯ ಜಾಗವನ್ನು ತುಂಬಲಾರದು. ಅಷ್ಟೇ ಅಲ್ಲದೆ, ಸುದ್ದಿ ಬೇಗ ಬರುತ್ತದೆಂಬ ಭರವಸೆಯಲ್ಲಿ ಸಂಸ್ಥೆಗಳು ಇದ್ದ ಆಯ್ಕೆಗಳನ್ನೇ ‘ಅನವಶ್ಯಕ ಖರ್ಚು’ ಎಂದು ಕಳಚಿಹಾಕುವುದುಂಟು. ಹಾಗಾದಾಗ ತಂತ್ರಜ್ಞಾನ ಬಂದ ಮೇಲೆ ಸರಪಳಿ ಮೊದಲಿಗಿಂತ ಬಿಗಿಯಾಗುತ್ತದೆ.

ಸುದ್ದಿಗೂ ದಾಸ್ತಾನಿಗೂ ಇರುವ ನಂಟಿನಿಂದಲೇ ವಿಚಾರವನ್ನು ಆರಂಭಿಸಬಹುದು. ವ್ಯಾಪಾರಿ ಗೋದಾಮಿನಲ್ಲಿ ಸರಕನ್ನು ತುಂಬಿಡುವುದು ನಾಳೆ ಎಷ್ಟು ಮಾರಾಟವಾದೀತು, ಮುಂದಿನ ಲೋಡು ಯಾವಾಗ ಬಂದೀತು ಎಂಬುದು ಖಚಿತವಾಗಿ ತಿಳಿಯದಿರುವುದರಿಂದ. ಅಮೆರಿಕದ ಸಂಘಟನಾಶಾಸ್ತ್ರಜ್ಞ ಜೇ ಗಾಲ್‌ಬ್ರೈತ್ 1970ರ ದಶಕದಲ್ಲಿ ಇದನ್ನು ಒಂದು ಸಾಮಾನ್ಯ ತತ್ತ್ವವಾಗಿ ರೂಪಿಸಿದರು: ಅನಿಶ್ಚಿತತೆ ಹೆಚ್ಚಿದಷ್ಟೂ ಸಂಸ್ಥೆ ಹೆಚ್ಚು ಮಾಹಿತಿಯನ್ನು ಸಂಸ್ಕರಿಸಬೇಕಾಗುತ್ತದೆ, ಅದಕ್ಕಿರುವ ದಾರಿಗಳು ಮುಖ್ಯವಾಗಿ ಎರಡು. ಹೆಚ್ಚುವರಿ ದಾಸ್ತಾನು, ಹೆಚ್ಚುವರಿ ಸಮಯ, ಹೆಚ್ಚುವರಿ ಜನರನ್ನು ಇಟ್ಟುಕೊಂಡು ಮಾಹಿತಿಯ ಅಗತ್ಯವನ್ನೇ ತಗ್ಗಿಸುವುದು ಒಂದು. ಮಾಹಿತಿಯನ್ನು ಸಂಗ್ರಹಿಸಿ ಹಂಚುವ ಶಕ್ತಿಯನ್ನು ಹೆಚ್ಚಿಸಿಕೊಳ್ಳುವುದು ಇನ್ನೊಂದು. ಕಳೆದ ಐದು ದಶಕಗಳ ಕೈಗಾರಿಕಾ ಇತಿಹಾಸವನ್ನು ಮೊದಲನೆಯ ದಾರಿಯಿಂದ ಎರಡನೆಯದಕ್ಕೆ ಆದ ಸ್ಥಳಾಂತರ ಎಂದು ಓದಿದರೆ ತಪ್ಪಾಗಲಾರದು. ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ 1974ರ ಜೂನ್ 26ರಂದು ಚ್ಯೂಯಿಂಗ್ ಗಮ್ಮಿನ ಪೊಟ್ಟಣವೊಂದರ ಬಾರ್‌ಕೋಡನ್ನು ಮೊದಲ ಬಾರಿಗೆ ಸ್ಕ್ಯಾನ್ ಮಾಡಿದಾಗ, ಯಾವ ಸರಕು ಎಷ್ಟು ಮಾರಾಟವಾಯಿತೆಂಬುದು ಮಾರಾಟದ ಕ್ಷಣದಲ್ಲೇ ದಾಖಲಾಗುವ ಕಾಲ ಆರಂಭವಾಯಿತು. ವಾಲ್‌ಮಾರ್ಟ್ ಸಂಸ್ಥೆ 1980ರ ದಶಕದಲ್ಲಿ ತನ್ನ ಮಳಿಗೆಗಳನ್ನು ಉಪಗ್ರಹ ಜಾಲದಿಂದ ಜೋಡಿಸಿ, 1990ರ ದಶಕದಲ್ಲಿ ಮಾರಾಟದ ಅಂಕಿಗಳನ್ನು ಸರಬರಾಜುದಾರರ ಮುಂದೆಯೇ ತೆರೆದಿಟ್ಟಿತು.

ಅಂಕಿಗಳನ್ನು ಹೀಗೆ ತೆರೆದಿಡುವುದು ಏಕೆ ಮುಖ್ಯ ಎಂಬುದನ್ನು ಅರಿಯಲು, ಎಂ.ಐ.ಟಿ.ಯ ಜೇ ಫಾರೆಸ್ಟರ್ 1961ರ ತಮ್ಮ ಗ್ರಂಥದಲ್ಲಿ ಗುರುತಿಸಿದ ಒಂದು ವಿದ್ಯಮಾನವನ್ನು ನೋಡಬೇಕು. ಅಂಗಡಿಯಲ್ಲಿ ಬೇಡಿಕೆ ಕೊಂಚವೇ ಏರಿದರೂ ಅಂಗಡಿಯವನು ಎಚ್ಚರಿಕೆಗೆಂದು ಸ್ವಲ್ಪ ಹೆಚ್ಚು ತರಿಸುತ್ತಾನೆ. ಆ ಆರ್ಡರನ್ನಷ್ಟೇ ಕಂಡ ಸಗಟು ವ್ಯಾಪಾರಿ ಇನ್ನೂ ಸ್ವಲ್ಪ ಸೇರಿಸುತ್ತಾನೆ. ಕಾರ್ಖಾನೆಯನ್ನು ತಲುಪುವ ಹೊತ್ತಿಗೆ ಸಣ್ಣ ಏರಿಕೆಯೊಂದು ದೊಡ್ಡ ಉಬ್ಬರವಾಗಿ ಕಾಣಿಸಿಕೊಂಡು, ಉತ್ಪಾದನೆ ಹೆಚ್ಚಾದ ಮೇಲೆ ಅಷ್ಟೇ ದೊಡ್ಡ ಇಳಿತ ಬರುತ್ತದೆ. ಮಕ್ಕಳು ಡೈಪರು ಬಳಸುವ ಪ್ರಮಾಣ ಹೆಚ್ಚುಕಡಿಮೆ ಸ್ಥಿರವಾಗಿದ್ದರೂ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಗೆ ಬರುತ್ತಿದ್ದ ಆರ್ಡರುಗಳು ಏರಿಳಿಯುತ್ತಿದ್ದವು, ಆ ಕಂಪನಿ ತನ್ನ ಸರಬರಾಜುದಾರರಿಗೆ ಕೊಡುತ್ತಿದ್ದ ಆರ್ಡರುಗಳು ಇನ್ನೂ ಹೆಚ್ಚು ಏರಿಳಿಯುತ್ತಿದ್ದವು. ಪೂರೈಕೆ ಸರಪಳಿಯ ವಿದ್ವಾಂಸ ಹಾವ್ ಲೀ ಮತ್ತು ಅವರ ಸಹೋದ್ಯೋಗಿಗಳು 1997ರಲ್ಲಿ ಇದರ ಕಾರಣಗಳನ್ನು ವಿಶ್ಲೇಷಿಸಿ, ಸಂಬಂಧಪಟ್ಟವರೆಲ್ಲರೂ ವಿವೇಕದಿಂದಲೇ ನಡೆದುಕೊಂಡರೂ ಈ ಉಬ್ಬರ ಏಳುತ್ತದೆಂದು ತೋರಿಸಿದರು. ಪ್ರತಿಯೊಬ್ಬನೂ ತನ್ನ ಪಕ್ಕದವನ ಆರ್ಡರನ್ನು ಮಾತ್ರ ಕಾಣುತ್ತಾನೆ, ಕೊನೆಯ ಗ್ರಾಹಕನನ್ನು ಕಾಣುವುದಿಲ್ಲ ಎಂಬುದು ಮೂಲ ತೊಂದರೆ. ನಿಜವಾದ ಮಾರಾಟದ ಅಂಕಿ ಸರಪಳಿಯ ಎಲ್ಲರಿಗೂ ಕಂಡರೆ ಈ ಉಬ್ಬರದ ಬಹುಪಾಲು ತಗ್ಗುತ್ತದೆ, ಅದಕ್ಕಾಗಿ ಮೀಸಲಿಟ್ಟ ದಾಸ್ತಾನೂ ಬಿಡುಗಡೆಯಾಗುತ್ತದೆ. ಮಾಹಿತಿ ತಂತ್ರಜ್ಞಾನದ ಅತ್ಯಂತ ನಿರ್ವಿವಾದವಾದ ಕೊಡುಗೆ ಇದೇ.

ಆದರೆ ಹಾಗೆ ಬಿಡುಗಡೆಯಾದ ದಾಸ್ತಾನಿನೊಡನೆ ಇನ್ನೇನು ಹೋಯಿತು ಎಂಬುದು ಆಪತ್ತಿನ ದಿನದವರೆಗೂ ತಿಳಿಯುವುದಿಲ್ಲ. ಈ ಮಾತಿಗೆ ಯುರೋಪಿನ ಎರಡು ಮೊಬೈಲ್ ಕಂಪನಿಗಳ ಕಥೆಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. 2000ನೇ ಇಸವಿಯ ಮಾರ್ಚ್ 17ರಂದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿದ್ದ ಫಿಲಿಪ್ಸ್ ಕಂಪನಿಯ ಚಿಪ್ ಕಾರ್ಖಾನೆಯಲ್ಲಿ, ಸಿಡಿಲಿನಿಂದ ವಿದ್ಯುತ್ ಪೂರೈಕೆಯಲ್ಲಿ ಏರುಪೇರಾಗಿ ಸಣ್ಣದೊಂದು ಬೆಂಕಿ ಹೊತ್ತಿಕೊಂಡಿತು. ಹತ್ತು ನಿಮಿಷಗಳಲ್ಲಿ ಅದು ಆರಿತು. ಚಿಪ್ ತಯಾರಿಕೆಯ ಕೋಣೆಗಳಲ್ಲಿ ಧೂಳಿನ ಕಣವೂ ಇರಬಾರದಾದ್ದರಿಂದ ಹೊಗೆ ಮತ್ತು ನೀರು ಮಾಡಿದ ಹಾನಿ ಬೆಂಕಿ ಮಾಡಿದ ಹಾನಿಗಿಂತ ದೊಡ್ಡದಾಗಿತ್ತು. ಆ ಕಾರ್ಖಾನೆಯ ಮುಖ್ಯ ಗಿರಾಕಿಗಳು ಫಿನ್ಲೆಂಡಿನ ನೋಕಿಯಾ ಮತ್ತು ಸ್ವೀಡನ್ನಿನ ಎರಿಕ್ಸನ್. ಇಬ್ಬರಿಗೂ ಫಿಲಿಪ್ಸ್ ಕೊಟ್ಟ ಸುದ್ದಿ ಒಂದೇ: ಒಂದು ವಾರ ತಡವಾಗಬಹುದು.

ನೋಕಿಯಾದಲ್ಲಿ, ಈ ಅಧಿಕೃತ ಸುದ್ದಿ ಬರುವ ಮೊದಲೇ, ಬರಬೇಕಾದ ಬಿಡಿಭಾಗಗಳ ಲೆಕ್ಕ ತಾಳೆಯಾಗುತ್ತಿಲ್ಲವೆಂಬುದನ್ನು ಅವರ ಕಂಪ್ಯೂಟರು ವ್ಯವಸ್ಥೆ ಕಾಣಿಸಿಕೊಟ್ಟಿತ್ತು. ಇದು ತಂತ್ರಜ್ಞಾನದ ಲಾಭ. ಅಲ್ಲಿಂದ ಮುಂದೆ ನಡೆದದ್ದು ಬೇರೆ ಗುಣಗಳಿಂದ. ವಾರಕ್ಕೊಮ್ಮೆ ನೋಡುತ್ತಿದ್ದ ಆ ಬಿಡಿಭಾಗಗಳ ಸ್ಥಿತಿಯನ್ನು ಅವರು ದಿನದಿನವೂ ವಿಚಾರಿಸತೊಡಗಿದರು, ಅಹಿತಕರ ಸುದ್ದಿಯನ್ನು ತಡಮಾಡದೆ ಮೇಲಧಿಕಾರಿಗಳಿಗೆ ಮುಟ್ಟಿಸಿದರು, ಫಿಲಿಪ್ಸಿನ ಇತರ ಕಾರ್ಖಾನೆಗಳ ಸಾಮರ್ಥ್ಯವನ್ನು ತಮಗಾಗಿ ತೆರವು ಮಾಡಿಸಿಕೊಂಡರು, ಕೆಲವು ಭಾಗಗಳನ್ನು ಬೇರೆ ತಯಾರಕರಿಂದ ಪಡೆದರು, ಇನ್ನು ಕೆಲವು ಚಿಪ್‌ಗಳ ವಿನ್ಯಾಸವನ್ನೇ ಬದಲಿಸಿ ಬೇರೆಡೆ ತಯಾರಾಗುವಂತೆ ಮಾಡಿದರು. ಎರಿಕ್ಸನ್ ಕಂಪನಿಯು 1990ರ ದಶಕದಲ್ಲಿ ವೆಚ್ಚ ಉಳಿಸಲೆಂದು ಬದಲಿ ಸರಬರಾಜುದಾರರನ್ನು ಕೈಬಿಟ್ಟಿತ್ತು. ‘ಒಂದು ವಾರ’ ಎಂಬ ಮಾತನ್ನು ಅಲ್ಲಿ ಯಥಾವತ್ತಾಗಿ ನಂಬಲಾಯಿತು, ಕೆಳಹಂತದಲ್ಲಿ ತಿಳಿದದ್ದು ಮೇಲ್ಮಟ್ಟಕ್ಕೆ ತಲುಪಲು ವಾರಗಳೇ ಹಿಡಿದವು. ಆ ಕೊರತೆಯಿಂದ ಎರಿಕ್ಸನ್ ಕಳೆದುಕೊಂಡ ಮಾರಾಟದ ಮೊತ್ತ ಸುಮಾರು 40 ಕೋಟಿ ಡಾಲರ್ ಎಂದು ಅಂದಾಜಿಸಲಾಗಿದೆ. ಮುಂದಿನ ವರ್ಷವೇ ಅದು ತನ್ನ ಮೊಬೈಲ್ ವಿಭಾಗವನ್ನು ಸೋನಿಯೊಂದಿಗಿನ ಜಂಟಿ ಉದ್ಯಮಕ್ಕೆ ವಹಿಸಿತು. ಬೆಂಕಿಯೊಂದೇ ಅದಕ್ಕೆ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. ಆದರೂ ಒಂದೇ ಸುದ್ದಿಯನ್ನು ಪಡೆದ ಎರಡು ಸಂಸ್ಥೆಗಳಲ್ಲಿ ಒಂದು ಬಾಗಿತು, ಇನ್ನೊಂದು ಬಾಗಲಾರದೆ ಹೋಯಿತು ಎಂಬ ಸಂಗತಿ ಈ ಚರ್ಚೆಯ ಕೇಂದ್ರದಲ್ಲೇ ಇದೆ. ಸುದ್ದಿ ಬಂದಾಗ ಮಾಡಲು ಏನಾದರೂ ಇದ್ದವರಿಗೆ ಮಾತ್ರ ಆ ಸುದ್ದಿ ಉಪಯೋಗಕ್ಕೆ ಬಂದಿತು.

ಇದಕ್ಕೆ ಮೂರು ವರ್ಷ ಮೊದಲು ಜಪಾನಿನಲ್ಲಿ ನಡೆದ ಘಟನೆ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. 1997ರ ಫೆಬ್ರುವರಿ 1ರ ನಸುಕಿನಲ್ಲಿ ಕಾರಿಯಾ ಎಂಬಲ್ಲಿದ್ದ ಐಸಿನ್ ಕಂಪನಿಯ ಕಾರ್ಖಾನೆ ಸುಟ್ಟುಹೋಯಿತು. ಬ್ರೇಕಿನ ಒತ್ತಡವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಪುಟ್ಟ ಕವಾಟವೊಂದು ಅಲ್ಲಿ ತಯಾರಾಗುತ್ತಿತ್ತು. ಬೆಲೆಯಲ್ಲಿ ಅಗ್ಗವಾದ, ಆದರೆ ಅತ್ಯಂತ ನಿಖರವಾಗಿ ಕೊರೆಯಬೇಕಾದ ಈ ಭಾಗಕ್ಕಾಗಿ ಟೊಯೊಟಾ ಬಹುತೇಕ ಪೂರ್ತಿಯಾಗಿ ಆ ಒಂದು ಕಾರ್ಖಾನೆಯನ್ನೇ ನೆಚ್ಚಿಕೊಂಡಿತ್ತು. ಬೇಕಾದದ್ದನ್ನು ಬೇಕಾದಾಗಲೇ ತರಿಸುವ ಪದ್ಧತಿಗೆ ಹೆಸರಾದ ಟೊಯೊಟಾದ ಬಳಿ ಇದ್ದ ಸಂಗ್ರಹ ಕೆಲವೇ ಗಂಟೆಗಳದ್ದು. ಕಾರಿನ ಕಾರ್ಖಾನೆಗಳು ಒಂದೊಂದಾಗಿ ನಿಂತವು. ಕವಾಟದ ನಕ್ಷೆಗಳನ್ನು ಫ್ಯಾಕ್ಸ್ ಮೂಲಕ ಹಂಚಲಾಯಿತು. ಅರವತ್ತಕ್ಕೂ ಹೆಚ್ಚು ಕಂಪನಿಗಳು, ಅವುಗಳಲ್ಲಿ ಕಾರಿನ ಭಾಗಗಳನ್ನು ಎಂದೂ ಮಾಡಿರದ ಹೊಲಿಗೆ ಯಂತ್ರದ ತಯಾರಕ ಬ್ರದರ್ ಕೂಡ, ತಮ್ಮ ತಮ್ಮ ಲೇತು, ಮಿಲ್ಲಿಂಗ್ ಯಂತ್ರಗಳ ಮೇಲೆ ಆ ಕವಾಟವನ್ನು ಕೊರೆಯಲು ತೊಡಗಿದವು. ದರದ ಮಾತು, ಪೇಟೆಂಟಿನ ಮಾತು ಆಮೇಲೆ ಬಂದವು. ಸುಮಾರು ಒಂದು ವಾರದಲ್ಲಿ ಉತ್ಪಾದನೆ ಮತ್ತೆ ಹಳಿಗೆ ಬಂದಿತು. ಇಂದಿನ ಅಳತೆಯಲ್ಲಿ ಅಲ್ಲಿ ಬಳಕೆಯಾದ ಮಾಹಿತಿ ತಂತ್ರಜ್ಞಾನ ಬಲು ಬಡವಾದದ್ದು: ದೂರವಾಣಿ ಮತ್ತು ಫ್ಯಾಕ್ಸ್. ಸರಬರಾಜುದಾರರಲ್ಲಿ ವರ್ಷಗಟ್ಟಲೆ ಬೆಳೆದಿದ್ದ ಕೌಶಲ, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿದಿದ್ದದ್ದು, ನಷ್ಟವನ್ನು ನ್ಯಾಯವಾಗಿ ತುಂಬಿಕೊಡುತ್ತಾರೆಂಬ ನಂಬಿಕೆ ಇವೇ ಅಲ್ಲಿ ಆಯ್ಕೆಯ ವ್ಯಾಪ್ತಿಯನ್ನು ಒದಗಿಸಿದವು.

ಟೊಯೊಟಾ ಅಷ್ಟಕ್ಕೇ ನಿಲ್ಲಲಿಲ್ಲ. 2011ರ ಮಾರ್ಚಿನ ಭೂಕಂಪ ಮತ್ತು ಸುನಾಮಿಯ ಬಳಿಕ, ತನ್ನ ಸರಬರಾಜುದಾರರ ಸರಬರಾಜುದಾರರು ಯಾರು, ಅವರ ಕಾರ್ಖಾನೆಗಳು ಎಲ್ಲಿವೆ ಎಂಬುದು ತನಗೇ ಸರಿಯಾಗಿ ತಿಳಿದಿಲ್ಲವೆಂದು ಕಂಡುಕೊಂಡು, ಕೆಳಹಂತಗಳವರೆಗಿನ ವಿವರಗಳ ದತ್ತಸಂಚಯವನ್ನು ಕಟ್ಟಿತು. ಜೊತೆಗೆ ಚಿಪ್‌ನಂಥ ಆಯ್ದ ಭಾಗಗಳ ಸಂಗ್ರಹವನ್ನು ತಿಂಗಳುಗಳ ಲೆಕ್ಕದಲ್ಲಿ ಇಟ್ಟುಕೊಳ್ಳುವಂತೆ ಸರಬರಾಜುದಾರರಿಗೆ ಸೂಚಿಸಿತು. 2021ರ ಆರಂಭದಲ್ಲಿ ಜಗತ್ತಿನಾದ್ಯಂತ ಚಿಪ್ ಕೊರತೆ ಉಂಟಾದಾಗ ಉಳಿದ ಕಾರು ಕಂಪನಿಗಳಿಗಿಂತ ಹೆಚ್ಚು ಕಾಲ ಅದು ತಡೆದುಕೊಂಡದ್ದಕ್ಕೆ ಇದೇ ಕಾರಣವೆಂದು ವರದಿಗಳು ಹೇಳಿದವು. ದಾಸ್ತಾನನ್ನು ಎಲ್ಲಿ ತಗ್ಗಿಸಬೇಕು ಎಂಬುದನ್ನು ತಿಳಿಸುವ ಮಾಹಿತಿಯೇ ಎಲ್ಲಿ ಹೆಚ್ಚಿಸಬೇಕು ಎಂಬುದನ್ನೂ ತಿಳಿಸುತ್ತದೆ. ಈ ಎರಡನೆಯ ಉಪಯೋಗವನ್ನು ನಿರ್ವಹಣಾ ಶಿಕ್ಷಣ ಬಹುಕಾಲ ಕಡೆಗಣಿಸಿತು.

ವಿಪುಲವಾದ ಮಾಹಿತಿಯೂ ದಾರಿ ತಪ್ಪಿಸಬಲ್ಲದೆಂಬುದಕ್ಕೆ ಸಿಸ್ಕೊ ಕಂಪನಿಯ ಅನುಭವವನ್ನು ಚಿಕ್ಕದಾಗಿ ನೆನೆಯಬಹುದು. ತನ್ನ ಲೆಕ್ಕಪತ್ರವನ್ನು ಯಾವ ದಿನ ಬೇಕಾದರೂ ಮುಗಿಸಿ ತೋರಿಸಬಲ್ಲೆನೆಂದು ಹೆಮ್ಮೆಪಡುತ್ತಿದ್ದ ಆ ಸಂಸ್ಥೆ 2001ರಲ್ಲಿ 200 ಕೋಟಿ ಡಾಲರಿಗೂ ಮೀರಿದ ದಾಸ್ತಾನನ್ನು ನಷ್ಟವೆಂದು ಬರೆದುಹಾಕಬೇಕಾಯಿತು. ಕೊರತೆಯ ಭಯದಿಂದ ಗಿರಾಕಿಗಳು ಎರಡೆರಡು ಕಡೆ ಆರ್ಡರು ಕೊಟ್ಟಿದ್ದರು. ಅದೇ ಆರ್ಡರುಗಳನ್ನು ನಿಜವಾದ ಬೇಡಿಕೆಯೆಂದು ಎಣಿಸಲಾಗಿತ್ತು. ಬೆಳವಣಿಗೆ ನಿಲ್ಲಬಹುದೆಂಬ ಸಾಧ್ಯತೆಗೆ ಮುನ್ನಂದಾಜಿನಲ್ಲಿ ಜಾಗವಿರಲಿಲ್ಲ. ಅಂಕಿ ಎಷ್ಟು ಬೇಗ ಬಂತೆಂಬುದಕ್ಕಿಂತ ಆ ಅಂಕಿ ಯಾವುದನ್ನು ಅಳೆಯುತ್ತಿದೆ ಎಂಬ ಪ್ರಶ್ನೆ ಮೊದಲಿನದು.

ಕರ್ನಾಟಕದ ಮಟ್ಟಿಗೆ ಈ ತತ್ತ್ವಗಳನ್ನು ಪರೀಕ್ಷಿಸಲು ಹಾಲಿಗಿಂತ ತಕ್ಕ ಸರಕು ಇನ್ನೊಂದಿಲ್ಲ. ಹಾಲು ಕೆಡುವ ವಸ್ತು. ಅದರ ಉತ್ಪಾದನೆಯನ್ನು ಬೇಡಿಕೆ ಇಳಿಯಿತೆಂದು ನಿಲ್ಲಿಸಲಾಗದು, ಏಕೆಂದರೆ ಹಸುವನ್ನು ದಿನಕ್ಕೆರಡು ಬಾರಿ ಕರೆಯಲೇಬೇಕು. ಮಳೆ ಬಂದು ಹಸಿರು ಮೇವು ಸಿಕ್ಕಾಗ ಹಾಲು ಹೆಚ್ಚುತ್ತದೆ, ಮೊಸರು ಮಜ್ಜಿಗೆಗೆ ಬೇಡಿಕೆ ಏರುವ ಬೇಸಿಗೆಯಲ್ಲಿ ಹಾಲು ಇಳಿಯುತ್ತದೆ. ಸಹಕಾರ ಸಂಘವು ಸದಸ್ಯ ತಂದ ಒಳ್ಳೆಯ ಹಾಲನ್ನು ಬೇಡವೆನ್ನಲಾಗದೆಂಬುದು ಈ ಚಳವಳಿಯ ಅಡಿಗಲ್ಲು. ಕೆಲವು ಸಂದರ್ಭಗಳಲ್ಲಿ ಒಕ್ಕೂಟಗಳು ‘ಹಾಲು ರಜೆ’ ಸಾರಿ ಒಂದೆರಡು ಹೊತ್ತು ಖರೀದಿ ನಿಲ್ಲಿಸುವುದುಂಟಾದರೂ ಅದು ಕೊನೆಯ ಉಪಾಯ. ಹೀಗಾಗಿ ಬಾಗುವ ಕೆಲಸವೆಲ್ಲ ಸರಪಳಿಯ ಕೆಳಭಾಗದಲ್ಲೇ ಆಗಬೇಕು. ಕರ್ನಾಟಕ ಹಾಲು ಮಹಾಮಂಡಳದ ಒಕ್ಕೂಟಗಳು 2024ರ ಮಳೆಗಾಲದಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಸಂಗ್ರಹವನ್ನು ಮುಟ್ಟಿದವು ಎಂಬುದನ್ನು ನೆನೆದರೆ ಆ ಕೆಲಸದ ಗಾತ್ರ ಅರಿವಾಗುತ್ತದೆ.

ಹಳ್ಳಿಯ ಡೇರಿಯಲ್ಲಿ ಬೆಳಗ್ಗೆ ಮತ್ತು ಸಂಜೆ ನಡೆಯುವ ಕೆಲಸವನ್ನು ಹತ್ತಿರದಿಂದ ಗಮನಿಸಿದರೆ ಮಾಹಿತಿ ಎಲ್ಲಿ ಹುಟ್ಟುತ್ತದೆಂಬುದು ಕಾಣುತ್ತದೆ. ಸದಸ್ಯ ತಂದ ಹಾಲನ್ನು ವಿದ್ಯುನ್ಮಾನ ತಕ್ಕಡಿ ತೂಗುತ್ತದೆ; ಪರೀಕ್ಷಾ ಯಂತ್ರವು ಅದರಲ್ಲಿನ ಜಿಡ್ಡಿನ ಅಂಶವನ್ನೂ, ಜಿಡ್ಡಲ್ಲದ ಘನಾಂಶವನ್ನೂ ಅಳೆಯುತ್ತದೆ; ಸದಸ್ಯನ ಸಂಖ್ಯೆ, ಲೀಟರು, ಜಿಡ್ಡು, ಘನಾಂಶ, ದರ, ಮೊತ್ತ ಇವೆಲ್ಲ ಮುದ್ರಿತವಾದ ಚೀಟಿ ಕೈಗೆ ಬರುತ್ತದೆ. ಜಿಡ್ಡನ್ನು ಗಾಜಿನ ನಳಿಕೆಯಲ್ಲಿ ಪರೀಕ್ಷಿಸಿ ಪುಸ್ತಕದಲ್ಲಿ ಬರೆಯುತ್ತಿದ್ದ ಕಾಲಕ್ಕೆ ಹೋಲಿಸಿದರೆ ಈ ಚೀಟಿ ಸದಸ್ಯನಿಗೆ ಕೊಟ್ಟ ಭರವಸೆ ದೊಡ್ಡದು, ಅದೇ ಅಂಕಿಗಳು ಒಕ್ಕೂಟಕ್ಕೂ ತಲುಪುವುದರಿಂದ ಯಾವ ಮಾರ್ಗದಲ್ಲಿ ಎಷ್ಟು ಹಾಲು, ಯಾವ ಗುಣಮಟ್ಟದ್ದು ಎಂಬುದು ಟ್ಯಾಂಕರು ಹೊರಡುವ ಮುನ್ನವೇ ತಿಳಿಯುತ್ತದೆ.

ಆದರೆ ಈ ತಿಳಿವಳಿಕೆ ನಮ್ಯತೆಯಾಗಿ ಪರಿವರ್ತನೆಯಾದದ್ದು ಹಳ್ಳಿಗಳಲ್ಲಿ ಬಿ.ಎಂ.ಸಿ. ಎಂದು ಕರೆಯಲಾಗುವ ಸಾಂದ್ರ ಶೀತಲ ಘಟಕಗಳು ಬಂದ ಮೇಲೆ. ಕ್ಯಾನುಗಳಲ್ಲಿ ಹಾಲು ಸಾಗುತ್ತಿದ್ದಾಗ ಲಾರಿ ಗೊತ್ತಾದ ಹೊತ್ತಿಗೆ ಗೊತ್ತಾದ ದಾರಿಯಲ್ಲಿ ಗೊತ್ತಾದ ಡೇರಿಗೇ ಹೋಗಬೇಕಿತ್ತು. ಎರಡು ಗಂಟೆ ತಡವಾದರೂ ಹಾಲು ಒಡೆಯುವ ಭಯ. ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಣ್ಣಗಿಟ್ಟ ಹಾಲಿಗೆ ಗಂಟೆಗಳ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ, ಟ್ಯಾಂಕರನ್ನು ಈ ಡೇರಿಗೆ ಕಳಿಸಬೇಕೋ ಆ ಡೇರಿಗೆ ಕಳಿಸಬೇಕೋ, ಹಾಲಾಗಿಯೇ ಮಾರಬೇಕೋ ಮೊಸರು ಮಾಡಬೇಕೋ ಪುಡಿ ಮಾಡಬೇಕೋ ಎಂಬುದನ್ನು ನಿರ್ಧರಿಸಲು ಸಾಧ್ಯವಾಯಿತು. ತಂಪು ಇಲ್ಲದಿದ್ದರೆ ಅಂಕಿಗಳಿದ್ದೂ ಮಾಡುವುದೇನಿಲ್ಲ; ಅಂಕಿಗಳಿಲ್ಲದಿದ್ದರೆ ತಂಪು ಕೊಟ್ಟ ಬಿಡುವು ಸುಮ್ಮನೆ ಕಳೆದುಹೋಗುತ್ತದೆ.

ಕೊನೆಯ ಆಯ್ಕೆ ಹಾಲಿನ ಪುಡಿ. ಹೆಚ್ಚುವರಿ ಹಾಲನ್ನು ಪುಡಿ ಮಾಡುವುದಕ್ಕೆ ಖರ್ಚು ಹೆಚ್ಚು, ಪುಡಿಗೆ ಮಾರುಕಟ್ಟೆಯಲ್ಲಿ ಸಿಗುವ ಬೆಲೆ ಅನೇಕ ಬಾರಿ ಆ ಖರ್ಚನ್ನೂ ತುಂಬುವುದಿಲ್ಲ. ಶಾಲಾ ಮಕ್ಕಳಿಗೆ ಹಾಲು ಕೊಡುವ ‘ಕ್ಷೀರಭಾಗ್ಯ’ ಯೋಜನೆ 2013ರ ಆಗಸ್ಟ್‌ನಲ್ಲಿ ಆರಂಭವಾದಾಗ ಮಕ್ಕಳ ಪೌಷ್ಟಿಕತೆಯೇ ಅದರ ಉದ್ದೇಶವಾಗಿದ್ದರೂ, ಕೆನೆಭರಿತ ಹಾಲಿನ ಪುಡಿಗೆ ಸ್ಥಿರವಾದ ಬೇಡಿಕೆಯನ್ನು ಸೃಷ್ಟಿಸುವ ಮೂಲಕ ಅದು ಹಾಲಿನ ಸರಪಳಿಗೆ ಬಾಗುವ ಜಾಗವನ್ನೂ ಒದಗಿಸಿತು. ಯಾವ ತಂತ್ರಾಂಶದಿಂದಲೂ ಆಗದ ಕೆಲಸವನ್ನು ಒಂದು ಸಾರ್ವಜನಿಕ ನೀತಿ ಮಾಡಿತು ಎಂಬುದನ್ನು ಗೌರವದಿಂದ ಗುರುತಿಸಬೇಕು. 2020ರ ಲಾಕ್‌ಡೌನಿನಲ್ಲಿ ಹೋಟೆಲುಗಳು ಮುಚ್ಚಿ, ಮದುವೆಗಳು ನಿಂತು, ಹಾಲಿನ ಮಾರಾಟ ಕುಸಿದಾಗಲೂ ಹಾಗೆಯೇ ಆಯಿತು: ಎಲ್ಲಿ ಎಷ್ಟು ಹಾಲು ಉಳಿದಿದೆಯೆಂಬುದು ಎಲ್ಲರಿಗೂ ತಿಳಿದಿತ್ತು, ಆದರೆ ಅದಕ್ಕೆ ದಾರಿ ಕಂಡದ್ದು ಸರ್ಕಾರ ಆ ಹಾಲನ್ನು ಕೊಂಡು ಬಡವರಿಗೆ ಉಚಿತವಾಗಿ ಹಂಚಲು ನಿರ್ಧರಿಸಿದಾಗ.

ಇದುವರೆಗೆ ತಂತ್ರಜ್ಞಾನ ತರುವ ಸುದ್ದಿಯ ಮಾತಾಯಿತು. ತಂತ್ರಜ್ಞಾನ ವಿಧಿಸುವ ನಿಯಮದ ಮಾತು ಬೇರೆ. ಕಾಗದದ ಮೇಲೆ ಕೆಲಸ ನಡೆಯುತ್ತಿದ್ದಾಗ ಗುಮಾಸ್ತನು ಅಂಚಿನಲ್ಲಿ ಒಂದು ಟಿಪ್ಪಣಿ ಬರೆದು ಅಸಾಧಾರಣ ಸಂದರ್ಭವನ್ನು ನಿಭಾಯಿಸುತ್ತಿದ್ದನು. ತಂತ್ರಾಂಶದ ನಮೂನೆಯಲ್ಲಿ ಅಂಚು ಇರುವುದಿಲ್ಲ, ಅದನ್ನು ರೂಪಿಸಿದವರು ಊಹಿಸಿದ ಬದಲಾವಣೆಗಳಿಗೆ ಮಾತ್ರ ಅಲ್ಲಿ ಜಾಗವಿರುತ್ತದೆ. ಸರಕು ಸಾಗಣೆಯ ಇ-ವೇ ಬಿಲ್ಲನ್ನು ಈ ದೃಷ್ಟಿಯಿಂದ ಓದುವುದು ಉಪಯುಕ್ತ. 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದು ರಾಜ್ಯಗಳ ಗಡಿಯ ತೆರಿಗೆ ಚೆಕ್‌ಪೋಸ್ಟುಗಳು ಹೋದ ಬಳಿಕ, ಈ ವ್ಯವಸ್ಥೆಯನ್ನು ದೇಶದಲ್ಲೇ ಮೊದಲು, 2017ರ ಸೆಪ್ಟೆಂಬರಿನಲ್ಲಿ, ಜಾರಿಗೊಳಿಸಿದ್ದು ಕರ್ನಾಟಕ. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಅದು ದೇಶವ್ಯಾಪಿಯಾಯಿತು. ಸಾಮಾನ್ಯವಾಗಿ 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸರಕಿಗೆ ಈ ಬಿಲ್ಲು ಬೇಕು. ಅದರಲ್ಲಿ ಎರಡು ಭಾಗಗಳಿವೆ. ಸರಕು ಯಾವುದು, ಬೆಲೆಯೆಷ್ಟು, ಯಾರಿಂದ ಯಾರಿಗೆ, ಎಲ್ಲಿಂದ ಎಲ್ಲಿಗೆ ಎಂಬುದು ಮೊದಲ ಭಾಗ. ಯಾವ ವಾಹನದಲ್ಲಿ ಎಂಬುದು ಎರಡನೆಯ ಭಾಗ.

ದಾರಿಯಲ್ಲಿ ಲಾರಿ ಕೆಟ್ಟು ನಿಂತರೆ, ಅಥವಾ ಸರಕನ್ನು ಇನ್ನೊಂದು ಲಾರಿಗೆ ಬದಲಾಯಿಸಬೇಕಾದರೆ, ಎರಡನೆಯ ಭಾಗದಲ್ಲಿ ವಾಹನ ಸಂಖ್ಯೆಯನ್ನು ಎಷ್ಟು ಬಾರಿಯಾದರೂ ಹೊಸದಾಗಿ ನಮೂದಿಸಬಹುದು. ತಡವಾದರೆ ಅವಧಿಯನ್ನು ವಿಸ್ತರಿಸಬಹುದು; ಅದಕ್ಕೆ ಅವಧಿ ಮುಗಿಯುವ ಮುಂಚಿನ ಮತ್ತು ನಂತರದ ಎಂಟೆಂಟು ಗಂಟೆಗಳ ಕಾಲಾವಕಾಶವಿದೆ. ಆದರೆ ಮೊದಲ ಭಾಗವನ್ನು ಒಮ್ಮೆ ಸೃಷ್ಟಿಸಿದ ಮೇಲೆ ತಿದ್ದಲಾಗುವುದಿಲ್ಲ. ಗೊತ್ತಾದ ಸಮಯದೊಳಗೆ ರದ್ದುಮಾಡಿ ಹೊಸದನ್ನು ಪಡೆಯಬೇಕು. ಎಂದರೆ ವಾಹನ ಬದಲಾಗಬಹುದೆಂದು ನಮೂನೆ ಒಪ್ಪಿಕೊಂಡಿದೆ, ಸರಕು ಸೇರಬೇಕಾದ ಸ್ಥಳ ನಡುದಾರಿಯಲ್ಲಿ ಬದಲಾಗಬಹುದೆಂದು ಒಪ್ಪಿಕೊಂಡಿಲ್ಲ. ಹುಬ್ಬಳ್ಳಿಗೆ ಹೊರಟ ಲೋಡಿಗೆ ದಾವಣಗೆರೆಯಲ್ಲಿ ಹೆಚ್ಚು ಅಗತ್ಯ ತಲೆದೋರಿದರೆ, ಮಾಲೀಕನಿಗೆ ಲಾರಿ ಎಲ್ಲಿದೆಯೆಂಬುದು ಫೋನಿನ ಪರದೆಯ ಮೇಲೆ ಕಾಣುತ್ತಿದ್ದರೂ, ಅದನ್ನು ಅಲ್ಲೇ ಇಳಿಸುವುದಕ್ಕೆ ಹೊಸ ದಾಖಲೆ ಬೇಕು. ತೆರಿಗೆ ವಂಚನೆಯನ್ನು ತಡೆಯಲು ಈ ಬಿಗಿ ಅಗತ್ಯವೆಂಬ ವಾದದಲ್ಲಿ ಹುರುಳಿದೆ, ಅದನ್ನು ಅಲ್ಲಗಳೆಯಬೇಕಾದ್ದಿಲ್ಲ. ಗಮನಿಸಬೇಕಾದದ್ದು, ನಮ್ಯತೆ ಎಷ್ಟಿರಬೇಕೆಂಬ ನಿರ್ಧಾರ ಇಲ್ಲಿ ವ್ಯಾಪಾರಿಯ ಕೈಯಿಂದ ನಮೂನೆಯ ರಚನೆಗೆ ವರ್ಗವಾಗಿದೆ ಎಂಬುದನ್ನು. ಹಾಗೆಯೇ ಇದೇ ತೆರಿಗೆ ಸುಧಾರಣೆಯು ಇನ್ನೊಂದು ಬಿಗಿಯನ್ನು ಸಡಿಲಿಸಿತೆಂಬುದನ್ನೂ ಹೇಳಬೇಕು: ಅಂತರರಾಜ್ಯ ಮಾರಾಟ ತೆರಿಗೆಯನ್ನು ತಪ್ಪಿಸಲು ಪ್ರತಿ ರಾಜ್ಯದಲ್ಲೂ ಒಂದೊಂದು ಗೋದಾಮು ಇಟ್ಟುಕೊಳ್ಳುತ್ತಿದ್ದ ಕಂಪನಿಗಳು ಈಗ ರಸ್ತೆ, ದೂರ, ಬೇಡಿಕೆಗಳನ್ನು ನೋಡಿ ಗೋದಾಮಿನ ಜಾಗವನ್ನು ಆರಿಸಬಹುದಾಗಿದೆ.

ಎಲ್ಲ ಹರಿವೂ ಒಂದೇ ತಂತ್ರಾಂಶದ ಮೂಲಕ ಸಾಗುವಾಗ ಆ ತಂತ್ರಾಂಶವೇ ಬದಲಿಯಿಲ್ಲದ ಸರಬರಾಜುದಾರನಾಗುತ್ತದೆ. 2017ರ ಜೂನ್ 27ರಂದು ‘ನಾಟ್‌ಪೆಟ್ಯಾ’ ಎಂಬ ದುಷ್ಟ ತಂತ್ರಾಂಶದ ದಾಳಿಗೆ ಸಿಕ್ಕಿದ ಡೆನ್ಮಾರ್ಕಿನ ಹಡಗು ಸಂಸ್ಥೆ ಮೇರ್ಸ್ಕ್, ತನ್ನ ಹಡಗುಗಳೂ ಕ್ರೇನುಗಳೂ ಸುಸ್ಥಿತಿಯಲ್ಲಿದ್ದರೂ, ಯಾವ ಕಂಟೇನರು ಎಲ್ಲಿಗೆ ಹೋಗಬೇಕೆಂಬುದು ತಿಳಿಯದೆ ತತ್ತರಿಸಿತು. ಮುಂಬಯಿ ಬಳಿಯ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲ್ಲೂ ಅದರ ಬಿಸಿ ಅನುಭವಿಸಿತು. ಕಂಪ್ಯೂಟರುಗಳನ್ನು ಮತ್ತೆ ಸಜ್ಜುಗೊಳಿಸುವವರೆಗೆ ಕೆಲಸ ನಡೆದದ್ದು ಸಿಬ್ಬಂದಿಯ ಕೈಬರಹದಿಂದ, ಖಾಸಗಿ ಫೋನುಗಳಿಂದ. ಕೈಯಲ್ಲಿ ಕೆಲಸ ಮಾಡುವ ವಿಧಾನವನ್ನು ಅರಿತ ಸಿಬ್ಬಂದಿಯೂ ಒಂದು ಬಗೆಯ ದಾಸ್ತಾನು. ಅದು ಲೆಕ್ಕಪತ್ರದಲ್ಲಿ ಕಾಣದ ಕಾರಣ ಮೊದಲು ಕರಗುವುದೂ ಅದೇ. ಹಾಲಿನ ಸಂಘಗಳಲ್ಲಿ ಯಂತ್ರ ಕೆಟ್ಟ ದಿನ ಹಳೆಯ ರೀತಿಯ ಪರೀಕ್ಷೆ ಮಾಡಬಲ್ಲ ಕಾರ್ಯದರ್ಶಿಗಳು ಎಷ್ಟು ಜನ ಉಳಿದಿದ್ದಾರೆಂದು ಒಕ್ಕೂಟಗಳು ವರ್ಷಕ್ಕೊಮ್ಮೆಯಾದರೂ ವಿಚಾರಿಸಿಕೊಳ್ಳುವುದು ಲೇಸು.

ಕೃಷಿ ಮಾರುಕಟ್ಟೆಯಲ್ಲಿ ಕರ್ನಾಟಕವು ದೇಶಕ್ಕೆ ಮೇಲ್ಪಂಕ್ತಿ ಹಾಕಿದ ರಾಜ್ಯ. 2014ರಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯು ಎ.ಪಿ.ಎಂ.ಸಿ. ಪ್ರಾಂಗಣಗಳನ್ನು ಕಂಪ್ಯೂಟರು ಜಾಲದಲ್ಲಿ ಜೋಡಿಸಿತು. 2016ರ ಏಪ್ರಿಲಿನಲ್ಲಿ ಬಂದ ರಾಷ್ಟ್ರೀಯ ಇ-ನಾಮ್ ಅದೇ ದಾರಿಯಲ್ಲಿ ನಡೆಯಿತು. ದೂರದ ಊರಿನ ವರ್ತಕನೂ ಲಾಟಿಗೆ ಬೆಲೆ ಕೂಗಬಹುದೆಂಬುದು ಇದರ ಆಶಯ. ಆದರೆ ಧಾನ್ಯದ ತೇವಾಂಶ, ಕಲ್ಲು ಕಸದ ಪ್ರಮಾಣ, ಕಾಳಿನ ಗಾತ್ರ ಇವನ್ನು ಪ್ರಾಂಗಣದಲ್ಲೇ ವೈಜ್ಞಾನಿಕವಾಗಿ ಪರೀಕ್ಷಿಸಿ ದಾಖಲಿಸದಿದ್ದರೆ ದೂರದ ವರ್ತಕ ಕಣ್ಣಾರೆ ಕಾಣದ ಸರಕಿಗೆ ಬೆಲೆ ಹಾಕುವುದಿಲ್ಲ. ಪ್ರಯೋಗಾಲಯ, ಗೋದಾಮು, ಸಾಗಣೆ ಇಲ್ಲದೆಡೆ ಪರದೆಯ ಮೇಲೆ ಮಾರುಕಟ್ಟೆ ವಿಸ್ತಾರವಾದರೂ ಕೊಳ್ಳುವವರು ಹಿಂದಿನವರೇ ಆಗಿರುತ್ತಾರೆ.

ಕೊನೆಯದಾಗಿ, ನಮ್ಯತೆಯ ಹೊರೆ ಯಾರ ಮೇಲೆ ಬೀಳುತ್ತದೆಂಬ ಪ್ರಶ್ನೆ. ದೊಡ್ಡ ಗಿರಾಕಿಯ ಪೋರ್ಟಲಿನಲ್ಲಿ ಪೂರೈಕೆಯ ವೇಳಾಪಟ್ಟಿ ಬದಲಾದಾಗ ಗಿರಾಕಿಯ ಸರಪಳಿ ಬಾಗಿದಂತೆ ಕಾಣುತ್ತದೆ. ವಾಸ್ತವವಾಗಿ ಬಾಗಿದ್ದು ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ಘಟಕ. ರಾತ್ರಿ ಪಾಳಿ ನಡೆಸುವವನೂ, ಬೇಡವಾದ ಭಾಗಗಳನ್ನು ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳುವವನೂ, ಹಣಕ್ಕಾಗಿ ಕಾಯುವವನೂ ಅದರ ಮಾಲೀಕ. ದಾಸ್ತಾನು ಮಾಯವಾಗಲಿಲ್ಲ, ದುರ್ಬಲನ ಅಂಗಳಕ್ಕೆ ಸರಿಯಿತು. ಸಣ್ಣ ಘಟಕದ ನಮ್ಯತೆ ನಿಂತಿರುವುದು ಕೈಯಲ್ಲಿನ ನಗದಿನ ಮೇಲೆ. ಆದ್ದರಿಂದ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಹಣ ಸಲ್ಲಬೇಕೆಂಬ 2006ರ ಕಾಯ್ದೆಯ ನಿಯಮ, ಅವರ ಬಿಲ್ಲುಗಳನ್ನು ಬ್ಯಾಂಕುಗಳು ಮುಂಗಡವಾಗಿ ಕೊಳ್ಳಲು ರಿಸರ್ವ್ ಬ್ಯಾಂಕ್ ರೂಪಿಸಿದ ಟ್ರೆಡ್ಸ್ ಎಂಬ ವಿದ್ಯುನ್ಮಾನ ವೇದಿಕೆ ಇವು ಪೂರೈಕೆ ಸರಪಳಿಯ ತಂತ್ರಜ್ಞಾನದ ಚರ್ಚೆಯಲ್ಲಿ ಅಡಿಟಿಪ್ಪಣಿಯಾಗಿ ಉಳಿಯಬಾರದು. ಮನೆಬಾಗಿಲಿಗೆ ಸಾಮಾನು ತಲುಪಿಸುವ ಕಾರ್ಮಿಕರ ವಿಷಯದಲ್ಲಿ ಕರ್ನಾಟಕವು 2025ರಲ್ಲಿ ಕಾನೂನು ತಂದು, ಅವರ ಮೇಲೆ ನಿಗಾ ಇಡುವ, ಕೆಲಸ ಹಂಚುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಅವರಿಗೆ ಮಾಹಿತಿ ನೀಡಬೇಕಾದ ಹೊಣೆಯನ್ನು ಕಂಪನಿಗಳ ಮೇಲೆ ಹೊರಿಸಿದೆ. ಸಣ್ಣ ಸರಬರಾಜುದಾರನಿಗೆ ಅಂಥ ರಕ್ಷಣೆಯಿಲ್ಲ. ಪೋರ್ಟಲಿನಲ್ಲಿ ನಿನ್ನೆಯ ಸಂಖ್ಯೆಯನ್ನು ಇಂದು ಬದಲಿಸುವ ಮುನ್ನ ಇಷ್ಟು ದಿನದ ಸೂಚನೆ ಕೊಡಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಅವನ ಒಪ್ಪಂದದಲ್ಲಿರುವುದಿಲ್ಲ. ಜಪಾನಿನ ಕಾರು ಉದ್ಯಮದಲ್ಲಿ ಮುಂದಿನ ಕೆಲವು ತಿಂಗಳ ಅಂದಾಜನ್ನು ಸರಬರಾಜುದಾರರಿಗೆ ಮೊದಲೇ ತಿಳಿಸಿ, ಹತ್ತಿರದ ಅವಧಿಯ ಯೋಜನೆಯನ್ನು ಆದಷ್ಟು ಕದಲಿಸದೆ ಉಳಿಸಿಕೊಳ್ಳುವ ರೂಢಿಯಿದೆ. ಇಲ್ಲಿನ ಖರೀದಿ ಒಪ್ಪಂದಗಳಲ್ಲೂ ಅಂಥದೊಂದು ಸ್ಥಿರಾವಧಿಯನ್ನು ಬರೆದು, ಅದನ್ನು ಮೀರಿದ ಬದಲಾವಣೆಗೆ ಪರಿಹಾರ ಗೊತ್ತುಪಡಿಸಿ, ಆ ನಿಯಮವನ್ನು ಪೋರ್ಟಲಿನ ತಂತ್ರಾಂಶದಲ್ಲೇ ಅಳವಡಿಸುವುದು ತಾಂತ್ರಿಕವಾಗಿ ಕಷ್ಟದ ಕೆಲಸವೇನೂ ಅಲ್ಲ. ಅದಕ್ಕೆ ಬೇಕಾಗಿರುವುದು ಖರೀದಿದಾರ ಸಂಸ್ಥೆಗಳ ಒಪ್ಪಿಗೆ, ಸಾರ್ವಜನಿಕ ವಲಯದ ಉದ್ದಿಮೆಗಳು ಅದನ್ನು ಮೊದಲು ಜಾರಿಗೆ ತರಬಹುದು.